ಬಹುವಚನ

"ಸ್ಫೋಟ ಅನ್ನಬೇಡಿ ಸಾರ್," ಎಂದಳು ಕಂಪನಿಯ ಸಾರ್ವಜನಿಕ ಸಂಪರ್ಕಾಧಿಕಾರಿ, ಕೂರುವ ಮುನ್ನ ಕುರ್ಚಿಯ ಮೇಲಿದ್ದ ಗಾಜಿನ ಚೂರುಗಳನ್ನು ಕರವಸ್ತ್ರದಿಂದ ಕೆಳಗೆ ತಳ್ಳುತ್ತಾ. "ಘಟನೆ ಅನ್ನಿ."

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಮ್ಯಾನೇಜರ್ ಕಿಟಕಿಯ ಕಡೆ ನೋಡಿದರು. ಕಿಟಕಿ ಇರಲಿಲ್ಲ, ಬರೀ ಚೌಕಟ್ಟಿತ್ತು. ಅದರಾಚೆ ಬಾಯ್ಲರ್ ಮನೆಯೂ ಇರಲಿಲ್ಲ. ಅದರ ಚಾವಣಿಯ ತಗಡು ಮಾತ್ರ ಅಂಗಳದಲ್ಲಿ ನಿಂತಿದ್ದ ಅವರ ಕಾರಿನ ಮೇಲೆ, ಚಳಿಗೆ ಹೊದಿಸಿದ ಹಾಗೆ, ಬೆಚ್ಚಗೆ ಹರಡಿಕೊಂಡಿತ್ತು.

"ಹಾಗಾದ್ರೆ ನನ್ನ ಕಾರಿಗೆ ಆಗಿರೋದು?"

"ಅದು ವಿಮೆಯವರ ಹತ್ರ. ಅವರ ಹತ್ರ ಮಾತ್ರ ಸ್ಫೋಟ ಅನ್ನಬಹುದು. ಘಟನೆಗೆಲ್ಲ ಅವರು ದುಡ್ಡು ಕೊಡಲ್ಲ."

ಮುಖ್ಯ ಕಚೇರಿಯವರು ಆಂಬುಲೆನ್ಸಿಗಿಂತ ಮೊದಲು ಅವಳನ್ನು ಕಳಿಸಿದ್ದರು. ಪಳಗಿದ ಕೈ. ಒಂದೇ ಬಟ್ಟೆಯಲ್ಲಿ ಮನೆಮಂದಿಗೆಲ್ಲ ಅಂಗಿ ಹೊಲಿಯುವ ದರ್ಜಿಯಂತೆ, ಒಂದೇ ಸತ್ಯವನ್ನು ಅವರವರ ಮೈಗೆ ತಕ್ಕಂತೆ ಕತ್ತರಿಸಿಕೊಡುತ್ತಿದ್ದಳು. ಪತ್ರಿಕೆಯವರಿಗೆ ಗಿಡ್ಡ ತೋಳಿನದು ಸಾಕು. ಷೇರುದಾರರಿಗೆ ಮೆತ್ತನೆಯ ಒಳಪದರ ಕೊಟ್ಟದ್ದು ಬೇಕು. ಅಕ್ಕಪಕ್ಕದ ಬೀದಿಯವರು ಕಿವಿಯಾರೆ ಕೇಳಿಬಿಟ್ಟಿದ್ದರಿಂದ, ಅವರ ಪಾಲಿಗೆ ಅದು 'ಒತ್ತಡ ಬಿಡುಗಡೆಯ ಸದ್ದು' ಎಂದಾಯಿತು.

ಸತ್ತದ್ದು ಒಬ್ಬನೇ, ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಒಬ್ಬನೇ ಎಂಬುದು ಮುಖ್ಯ ಕಚೇರಿಗೆ ತುಸು ಸಮಾಧಾನ ತಂದಿತ್ತು. ಸಂಜೆ ಷೇರುಪೇಟೆ ಮುಚ್ಚುವವರೆಗೆ ಅವನು ಬದುಕಿರಬೇಕೆಂದು ಅಲ್ಲಿಂದ ಅಪ್ಪಣೆಯಾಗಿತ್ತು.

"ಅವನ ಹೆಂಡ್ತಿ ಬಂದು ಕೆಳಗೆ ಕೂತಿದಾಳೆ. ಏನು ಹೇಳ್ಲಿ?"

"ಐಸಿಯೂನಲ್ಲಿದ್ದಾರೆ, ಡಾಕ್ಟರು ನೋಡ್ತಿದ್ದಾರೆ, ಅಷ್ಟೇ. ಉಳಿದದ್ದು ಸಂಜೆ ಮೇಲೆ. ಎಲ್ಲಿ, ನಾನೇ ಆಕೆ ಅಂತ ತಿಳ್ಕೊಂಡು ಒಂದ್ಸಲ ಹೇಳಿ."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ನಿನ್ನ ಗಂಡ ಐಸಿಯೂನಲ್ಲಿದ್ದಾನೆ, ಅವನಿಗೆ..."

"ಅಯ್ಯೋ! ಅವನು ಇವನು ಅಂದ್ರೆ ಕುಟುಂಬದವರಿಗೆ ನೋವಾಗುತ್ತೆ ಸಾರ್. ನೀವು ಅನ್ನಿ. ನಿಮ್ಮ ಯಜಮಾನರು ಅನ್ನಿ. ಅವರು ಅನ್ನಿ."

"ಅವನನ್ನ ಲೋ ಅಂತಲೇ ಕೂಗಿ ರೂಢಿ, ನಾಲಿಗೆ ತಿರುಗಬೇಕಲ್ಲ? ಬೆಳಿಗ್ಗೆ ಬಂದು, ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು, ಅರ್ಧ ದಿನ ರಜೆ ಕೊಡಿ ಅಂದ. ಹೋಗೋ ಲೋ, ಮೊದಲು ಬಾಯ್ಲರ್ ನೋಡ್ಕೋ ಅಂದೆ." ಮ್ಯಾನೇಜರ್ ಮತ್ತೆ ಕಿಟಕಿಯ ಕಡೆ ನೋಡಿದರು.

"ಅದು ಯಾರಿಗೂ ಬೇಡ," ಎಂದಳು ಸಂಪರ್ಕಾಧಿಕಾರಿ ಮೃದುವಾಗಿ. "ಬಹುವಚನಕ್ಕೆ ಖರ್ಚೇನಿಲ್ಲ ಸಾರ್. ಧಾರಾಳವಾಗಿ ಕೊಡಿ."

ಮೆಟ್ಟಿಲಿಳಿಯುವಾಗ ಮ್ಯಾನೇಜರ್, ಪರೀಕ್ಷೆಗೆ ಹೊರಟ ಹುಡುಗನಂತೆ, ಅವರು, ಅವರಿಗೆ, ಅವರನ್ನು ಎಂದು ಬಾಯೊಳಗೇ ವಿಭಕ್ತಿ ಸರಿಮಾಡಿಕೊಂಡರು.

ಸಂದರ್ಶಕರ ಕೋಣೆಯ ಸೋಫಾದ ತುದಿಯಲ್ಲಿ ಬಾಯ್ಲರಿನವನ ಹೆಂಡತಿ ಕೂತಿದ್ದಳು. ಬಟ್ಟೆ ಒಗೆಯುತ್ತಿದ್ದವಳು ಸದ್ದು ಕೇಳಿ ಹಾಗೇ ಎದ್ದು ಓಡಿಬಂದಿದ್ದಳು. ಮೊಣಕೈವರೆಗೆ ಸೋಪಿನ ನೊರೆ ಒಣಗಿ ಬೆಳ್ಳಗೆ ಸಿಪ್ಪೆ ಎದ್ದಿತ್ತು. ಮ್ಯಾನೇಜರ ದನಿ ಅವಳಿಗೆ ಹೊಸದಲ್ಲ. ರಜೆಯ ದಿನ ಬಾಯ್ಲರ್ ಕೆಟ್ಟಾಗಲೆಲ್ಲ ಫೋನಿನಲ್ಲಿ ಕೇಳಿದ್ದಳು: "ಎಲ್ಲಮ್ಮ ಅವನು? ಮಲಗಿದ್ರೆ ಎಬ್ಬಿಸಿ ಕಳ್ಸು."

ಅವಳು ಎದ್ದು ನಿಂತಳು.

"ನೀವು ಕೂತ್ಕೊಳ್ಳಿ," ಎಂದರು ಮ್ಯಾನೇಜರ್.

ಅವಳು ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಕಾರ್ಖಾನೆಗೆ ಬಂದ ಸುರಕ್ಷತಾ ಪ್ರಶಸ್ತಿಗಳಿದ್ದವು, ಅವುಗಳಲ್ಲಿ ಒಂದು ಸೊಟ್ಟಗಾಗಿತ್ತು.

"ಹೇಗಿದಾರೆ ಸಾರ್? ಒಂದೇ ಮಾತು ಹೇಳ್ಬಿಡಿ. ಅತ್ತೆ ಡಾಕ್ಟರ ಹತ್ರ ಹೊರಟು ಬಾಗಿಲಲ್ಲೇ ಕೂತಿದಾರೆ, ಅವರಿಗೆ ಏನಾದ್ರೂ ಹೇಳ್ಬೇಕಲ್ಲ."

"ನಿಮ್ಮ ಯಜಮಾನರು ಐಸಿಯೂನಲ್ಲಿದ್ದಾರೆ. ಡಾಕ್ಟರು ಅವರನ್ನ ಚೆನ್ನಾಗಿ ನೋಡ್ಕೊಳ್ತಿದ್ದಾರೆ. ಅವರು ಬಹಳ ಗಟ್ಟಿಗರು. ಅವರಿಗೆ ಕಂಪನಿ ಏನೂ ಕಡಿಮೆ ಮಾಡಲ್ಲ."

ಬಾಗಿಲ ಬಳಿ ನಿಂತಿದ್ದ ಸಂಪರ್ಕಾಧಿಕಾರಿ ಮೆಚ್ಚಿ ತಲೆದೂಗಿದಳು. ಒಂದು ತಪ್ಪೂ ಇರಲಿಲ್ಲ. ಎಲ್ಲ ವರ್ತಮಾನಕಾಲ, ಎಲ್ಲ ಬಹುವಚನ.

ಹೆಂಡತಿ ಉಗುರಿನಿಂದ ಕೈಯ ಸೋಪು ಕೆರೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಎರಡನೆಯ 'ಅವರು' ಬರುವಷ್ಟರಲ್ಲಿ ಉಗುರು ನಿಂತಿತು. ಮಾತು ಮುಗಿದ ಮೇಲೆ ಅವಳು ಕೂತಳು, ಈ ಸಲ ತುದಿಯಲ್ಲಲ್ಲ, ಸೋಫಾದ ತುಂಬ, ಇನ್ನು ಎಲ್ಲಿಗೂ ಓಡಬೇಕಾಗಿಲ್ಲದವಳ ಹಾಗೆ.

"ಅವರನ್ನ ಅವರು ಅನ್ನೋಳು ನಾನೊಬ್ಬಳೇ, ಸಾರ್," ಎಂದಳು. "ಹೆತ್ತ ತಾಯಿ, ನಮ್ಮತ್ತೆ ಕೂಡ ಅವನು ಅಂತಲೇ ಅನ್ನೋದು. ನೀವೂ ಇವತ್ತು ಬೆಳಿಗ್ಗೆ ಫೋನ್ ಮಾಡಿ, ಅವನು ಹೊರಟ್ನಾ ಇಲ್ವಾ ಅಂತ ಕೇಳಿದ್ರಿ."

ಮ್ಯಾನೇಜರ್ ಸಂಪರ್ಕಾಧಿಕಾರಿಯ ಮುಖ ನೋಡಿದರು. ಸಂಪರ್ಕಾಧಿಕಾರಿ ಗಡಿಯಾರ ನೋಡಿದಳು. ಪೇಟೆ ಇನ್ನೂ ತೆರೆದಿತ್ತು.

"ಎಷ್ಟೊತ್ತಿಗೆ 'ಅವರು' ಆದ್ರು, ಸಾರ್?"