ಗೋಡೆಯಾಚೆಯ ಅಪ್ಪೆಮಾವು

ನನಗೆ ಅರಳುಮರಳು ಎನ್ನುವವರು ಬಾಯಿ ಮುಚ್ಚಿಕೊಂಡು ಕೇಳಿ. ನಾನು ಮರೆಯುವುದು ಕನ್ನಡಕ ಇಟ್ಟ ಜಾಗವನ್ನಷ್ಟೇ, ಬೊಮ್ಮಕ್ಕನ ಕತೆಯನ್ನಲ್ಲ.

ನೌಕಾನೆಲೆಗೆಂದು ಊರನ್ನೇ ಎಬ್ಬಿಸಿದಾಗ ಬೊಮ್ಮಕ್ಕನ ಮನೆಯೂ ಹೋಗಿತ್ತು. ಮನೆ ಉಳಿಸಿಕೊಡಿ ಎಂದು ಅವಳು ಕೊಟ್ಟ ಅರ್ಜಿಗಳಿಗೆ ಯಾರೂ ಉತ್ತರಿಸಿರಲಿಲ್ಲ. ಎಷ್ಟೋ ವರ್ಷ ಬಾಡಿಗೆ ಕೋಣೆಗಳಲ್ಲಿ ಕಳೆದ ಮೇಲೆ, ನೆಲೆಯ ಗೋಡೆಗೆ ಅಂಟಿಕೊಂಡ ಒಂದು ಅಗ್ಗದ ಮನೆ ನೋಡಲು ಹೋದಳು. ತಾರಸಿ ಹತ್ತಿದವಳಿಗೆ ಗೋಡೆಯಾಚೆ ಕಂಡದ್ದು ತನ್ನದೇ ಹಳೆಯ ಅಂಗಳ, ಅಲ್ಲಿ ಗಂಡ ನೆಟ್ಟ ಅಪ್ಪೆಮಾವಿನ ಮರ. ದಿನಾ ಅದನ್ನು ನೋಡುತ್ತಿದ್ದು ಕೊನೆಗೊಂದು ದಿನ ಕಣ್ಣು ಮುಚ್ಚಿದರೆ ಸಾಕು ಅನ್ನಿಸಿತು. ಆದರೆ ಆಸೆ ತೋರಿಸಿದರೆ ಮಾರುವವನು ಬೆಲೆ ಏರಿಸುತ್ತಾನಲ್ಲ! ಮುಖ ಸಿಂಡರಿಸಿದಳು.

"ಥೂ, ಇದೆಂಥ ಮನೆ ಮಾರಾಯಾ? ಸೀರೆ ಒಣಗಿಸೂಕೆ ಬಂದ್ರೆ ಆಚೆ ಸಿಪಾಯಿಗಳು ಹಲ್ಲು ಕಿಸೀತಾ ನಿಲ್ತಾರೆ. ಬೆಲೆ ಇಳಿಸು."

"ಈ ವಯಸ್ಸಲ್ಲಿ ನಿಮ್ಮನ್ನ ಯಾರು ನೋಡ್ತಾರೆ ಬೊಮ್ಮಕ್ಕಾ?"

"ನನ್ ಸೊಸೆ ಮೇಲೆ ಬರೂದಿಲ್ವಾ?"

ಅವನು ನಕ್ಕು ಬೆಲೆ ಇಳಿಸಿದ.

ಮಳೆಗಾಲ ಕಳೆದು ಹಾಲುಕ್ಕಿಸುವ ದಿನ ಬಂತು. ಬೊಮ್ಮಕ್ಕ ಒಲೆಯ ಕಡೆಗೂ ನೋಡದೆ ತಾರಸಿಗೆ ಓಡಿದಳು. ನೆಲೆಯ ಗೋಡೆ ತಾರಸಿಗಿಂತಲೂ ಎರಡಾಳು ಎತ್ತರ ಎದ್ದು ನಿಂತು ಮರವನ್ನು ಪೂರ್ತಿ ಮರೆಮಾಡಿತ್ತು. ಹಿಂದೆಯೇ ಬಂದ ಮನೆ ಮಾರಿದವನು ಬೀಗುತ್ತ ಹೇಳಿದ:

"ಇನ್ನು ಸೊಸೆ ಆರಾಮಾಗಿ ಸೀರೆ ಒಣಗಿಸ್ಲಿ. ನಿಮ್ಮ ಹೆಸ್ರಲ್ಲೇ ಅರ್ಜಿ ಕೊಟ್ಟೆ ಅಕ್ಕಾ, ನೆಲೆಯ ಸಾಹೇಬ್ರು ಒಂದೇ ಮಾತಿಗೆ ಒಪ್ಪಿಬಿಟ್ರು!"

ಮನೆ ನೋಡಲು ಹೊರಟವರು ನಿಮ್ಮಲ್ಲಿದ್ದರೆ ಇದನ್ನು ಅವರಿಗೆ ದಾಟಿಸಿ.