ಏಳನೇ ತಟ್ಟೆಯ ಬೊಟ್ಟು

"ಅರೇ, ಹೇ ಕಾಯ್? ಮತ್ತ ಬಂತಲ್ಲ ಇದು!"

ಸ್ವಚ್ಛತಾ ಅಧಿಕಾರಿ ದಿಗಂಬರ ಮರಾಠಿ ಬೆರೆಸಿ ಕೂಗುತ್ತ ಗಾಜಿನಾಚೆಗಿನ ಏಳನೇ ತಟ್ಟೆಯತ್ತ ಕೈಮಾಡಿದರು. ಮುಚ್ಚಳದ ಅಂಚಿನಲ್ಲಿ ಕಾಡಿಗೆಯ ಪುಟ್ಟ ಬೊಟ್ಟು. ಸೋಮವಾರವೂ ಇತ್ತು. ಅವರೆದುರೇ ಸಂಶೋಧಕ ಅಭಿಲಾಷ ಸ್ಪಿರಿಟ್ ಹಾಕಿ ಒರೆಸಿದ್ದ. ಮಂಗಳವಾರ ಬೆಳಿಗ್ಗೆ ಮತ್ತೆ ಹಾಜರ್!

ಧನಕವಡಿಯ ಆ ಪ್ರಯೋಗಾಲಯದಲ್ಲಿ ಈ ತಟ್ಟೆಗೆ ರಾಜಮರ್ಯಾದೆ. ದಾನಿಯೊಬ್ಬರ ರಕ್ತಕಣಗಳಿಂದ ಬೆಳೆಸಿದ, ಸಾಸಿವೆ ಕಾಳಿನಷ್ಟು ಹೃದಯದ ಅಂಗಾಂಶ ಅದರಲ್ಲಿ ಮಿಡಿಯುತ್ತಿತ್ತು. ಗರ್ಭದಲ್ಲಿ ಹೃದಯದ ಕೋಣೆಗಳು ಮೂಡುವ ಬಗೆಯನ್ನು ಅದರಿಂದ ತಿಳಿಯಬೇಕು. ಹಿಂದಿನ ಎರಡು ಬ್ಯಾಚ್ ಹದಿನೈದು ದಿನವೂ ಬಾಳಿರಲಿಲ್ಲ. ಇದಕ್ಕೆ ಇಂದು ನಲವತ್ತು. ನಿನ್ನೆ ಬೊಟ್ಟು ಒರೆಸಿದ ಮೇಲೆ ಯಾಕೋ ಬಡಿತ ಮಂದವಾಗಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಈಗ ಸರಿಹೋಗಿತ್ತು.

ದಿಗಂಬರರ ಅನುಮಾನ ನೇರವಾಗಿ ಕಸ ಗುಡಿಸುವ ಸಕ್ಕುಬಾಯಿಯ ಮೇಲೆ. ತಾಯಿಯಿಲ್ಲದ ಮೊಮ್ಮಗಳು ಪುಟ್ಟಿಯ ಕೆನ್ನೆಗೆ ಅವಳು ದೃಷ್ಟಿಬೊಟ್ಟು ಇಡುವುದನ್ನು ಗೇಟಿನಲ್ಲಿ ಎಲ್ಲರೂ ನೋಡಿದ್ದರು.

"ನಾಳಿಂದ ಕೆಲಸಕ್ಕ ಬರಬ್ಯಾಡ."

"ನಾ ಇಟ್ಟಿಲ್ರಿ ಸಾಹೇಬ್ರ! ಆ ಬಾಗಿಲಾ ನನ್ನ ಬೆರಳಚ್ಚಿಗಿ ತೆರೆಯೂದಿಲ್ಲ. ಮ್ಯಾಲ ಇಂಥಾ ಬೊಟ್ಟು ಅವ್ವನೇ ಇಡಬೇಕ್ರಿ. ನಾ ಏನ್ ಇದರ ಅವ್ವ ಏನ್ರಿ?" ಅವಳ ಕಣ್ಣು ತುಂಬಿತು. ತನ್ನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಇಂಪನಾ ಚಹಾ ಹೀರುತ್ತ ನಿಂತಿದ್ದರು, ಕೈಗವಸನ್ನೂ ತೆಗೆಯದೆ. ಆಯುಧಪೂಜೆಗೆ ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚಿದ್ದಕ್ಕೆ ವಾರವಿಡೀ ಗದರಿದ್ದ ಮಹಾತಾಯಿ. "ಇದು ಲ್ಯಾಬ್ ಕಣ್ರೀ, ತೊಟ್ಟಿಲಲ್ಲ," ಎಂದಷ್ಟೇ ಅಂದರು, ಯಾರ ಮುಖವನ್ನೂ ನೋಡದೆ.

ಅಭಿಲಾಷನಿಗೆ ತಡೆಯಲಾಗಲಿಲ್ಲ. ನಾಚಿಕೆಯಿಂದ ಕಿವಿ ಕೆಂಪಗಾಯಿತು.

"ಸೋಮವಾರದ್ದು ನಾನಿಟ್ಟಿದ್ದು ಸಾರ್. ಎರಡು ಬ್ಯಾಚ್ ಹೋಗಿತ್ತಲ್ಲ, ಭಯ ಆಯ್ತು. ಬೇಕಾದ್ರೆ ನನ್ನನ್ನ ತೆಗೀರಿ, ಪಾಪ ಅವರನ್ನ ಬಿಡಿ. ಆದ್ರೆ ಇವತ್ತಿನದು ನಂದಲ್ಲ, ದೇವರಾಣೆ!"

"ಹಂಗಾರ ಇದು ಯಾರದು?"

ಅಷ್ಟರಲ್ಲಿ ಒಳಗೆ ಅಲಾರಂ ಕೂಗಿತು. ಅಂಗಾಂಶಕ್ಕೆ ಆಹಾರ ಕೊಡುವ ಹೊತ್ತು. ಕೇಳಿದ್ದೇ ತಡ, ಇಂಪನಾ ಲೋಟವನ್ನು ಅಲ್ಲೇ ಕುಕ್ಕಿ, ಎಲ್ಲ ಮರೆತು ಬಾಗಿಲಿಗೆ ಓಡಿ, ಗವಸು ಕಿತ್ತೆಸೆದು ಬೆರಳಚ್ಚು ಯಂತ್ರದ ಮೇಲೆ ಬೆರಳೊತ್ತಿದರು.

ಯಂತ್ರ ಕೆಂಪು ದೀಪ ಮಿನುಗಿಸಿ 'ಕೀಂ' ಎಂದಿತು. ದಿಗಂಬರ ಬಗ್ಗಿ ನೋಡಿದರೆ, ಅದರ ಗಾಜಿನ ಮೇಲೆ ಕಾಡಿಗೆಯ ಪುಟ್ಟ ಬೊಟ್ಟು.