ರೊಟ್ಟಿಯೊಳಗಿನ ಗೊಂಬೆ

ಗೊಂಬೆ ರೊಟ್ಟಿಯೊಳಗೆ ಇರಲೇ ಇಲ್ಲ. ಅಮ್ಮನ ಏಪ್ರನ್ನಿನ ಜೇಬಿನಲ್ಲಿತ್ತು. ಇಗರ್ಜಿಯ ನೆಲಮಾಳಿಗೆಯಲ್ಲಿ ಕಿಕ್ಕಿರಿದಿದ್ದ ಅಷ್ಟೂ ಜನರಲ್ಲಿ ಆ ಗುಟ್ಟು ಗೊತ್ತಿದ್ದದ್ದು ಮಗಳು ಇತ್ಸೆಲ್‌ಗೆ ಮಾತ್ರ. ಹೊರಗೆ ಷಿಕಾಗೋ ಹಿಮದಲ್ಲಿ ಹೂತುಹೋಗಿತ್ತು. ಒಳಗೆ ಚಾಕು ಕೈಯಿಂದ ಕೈಗೆ ಸಾಗುತ್ತ ಅಮ್ಮನತ್ತ ಬರುತ್ತಿತ್ತು.

ಜನವರಿ ಆರರ ಮೂವರು ರಾಜರ ಹಬ್ಬದ ದಿನ ಬೀದಿಯವರೆಲ್ಲ ಸೇರಿ ಬಳೆಯಾಕಾರದ ಸಿಹಿರೊಟ್ಟಿ ರೋಸ್ಕಾವನ್ನು ಕತ್ತರಿಸುವುದು, ಒಳಗೆ ಹುದುಗಿಸಿಟ್ಟ ಬಾಲಯೇಸುವಿನ ಪುಟ್ಟ ಗೊಂಬೆ ಯಾರ ಪಾಲಿನ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆ ಮಾಡಿ ಬಡಿಸುವುದು ಕಟ್ಟಳೆ. ಮೆಕ್ಕೆಜೋಳದ ಆ ಕಡುಬನ್ನು ತಿನ್ನುವುದಕ್ಕೆ ಎಲ್ಲರೂ ಮುಂದು. ಮಾಡುವುದಕ್ಕೆ ಎಲ್ಲರೂ ಹಿಂದು. ಸಿಕ್ಕ ಗೊಂಬೆಯನ್ನು ದವಡೆಯಲ್ಲಿ ಅಡಗಿಸಿಕೊಂಡು ಮನೆಗೆ ನಡೆದ ಮಹಾನುಭಾವರೂ ಆ ಬೀದಿಯಲ್ಲಿದ್ದರು. ಆದರೆ ಅಮ್ಮನ ಬೇಕರಿ ಬೆಂಕಿಗೆ ಆಹುತಿಯಾದ ವರ್ಷ ಇದೇ ಜನ ಹೊಸ ಒಲೆಗೆ ಇಟ್ಟಿಗೆ ಹೊತ್ತು ತಂದಿದ್ದರು. ಅಂದಿನಿಂದ ರೋಸ್ಕಾ ತಾಯಿ-ಮಗಳ ಕೊಡುಗೆ. ಗೊಂಬೆಯೂ ಪ್ರತಿವರ್ಷ ‘ಅದೃಷ್ಟವಶಾತ್’ ಅಮ್ಮನಿಗೇ ಸಿಗುತ್ತಿತ್ತು.

“ವರ್ಷಾವರ್ಷ ನಿನಗೇ ಹೇಗೆ ಸಿಗುತ್ತೆ ವೇವಾ? ಇಂಥ ಅದೃಷ್ಟ ಇಟ್ಕೊಂಡು ಲಾಟರಿ ಯಾಕೆ ತಗೊಳ್ಳಲ್ಲ?” ಕ್ಷೌರಿಕ ಎವರಿಸ್ತೊ ಅಮ್ಮನ ಎದುರಿಗೇ ಕುರ್ಚಿ ಎಳೆದುಕೊಂಡು ಕುಳಿತ. “ಈ ಸಲ ನಿನ್ನ ಕೈ ಮೇಲೇ ನನ್ನ ಕಣ್ಣು.”

“ಕಣ್ಣು ನಿನ್ನ ಕತ್ತರಿ ಮೇಲಿರ್ಲಿ ಮಾರಾಯ. ಹೋದ ವಾರ ಪಾದ್ರಿಗಳ ಕಿವೀನೇ ಕುಯ್ದೆಯಂತಲ್ಲ!”

ನಗು ಎದ್ದಿತು. ಆ ನಗುವಿನ ಮರೆಯಲ್ಲಿ ಗೊಂಬೆ ಜೇಬಿನಿಂದ ಅಮ್ಮನ ಮುಷ್ಟಿಗೆ ಜಾರಿತು. ಅಮ್ಮ ಚಾಕುವಿಗೆ ಕೈ ಚಾಚಿದಳು. ಅಷ್ಟರಲ್ಲಿ ಮೇಜಿನ ಕೊನೆಯಿಂದ ಕೂಗು ಬಂತು: “ಸಿಕ್ತು! ನನಗೇ ಸಿಕ್ತು!”

ಇತ್ಸೆಲ್ ಸರ್ರನೆ ತಿರುಗಿದಳು. ಇಲ್ಲದ ಗೊಂಬೆ ಸಿಗುವುದಾದರೂ ಹೇಗೆ?

ಎದ್ದು ನಿಂತಿದ್ದವಳು ನೊಹೆಮಿ. ಚಳಿಗಾಲಕ್ಕೆ ಮುಂಚೆ ಒಂದೇ ಒಂದು ಚೀಲ ಹಿಡಿದು ಈ ಬೀದಿಗೆ ಬಂದವಳು. ಕೋಟು ಒಬ್ಬರದು, ಮಂಚ ಇನ್ನೊಬ್ಬರದು, ಪಾತ್ರೆ ಮತ್ತೊಬ್ಬರದು. ಎಲ್ಲರಿಗೂ ತಲೆ ತಗ್ಗಿಸಿ ಕೃತಜ್ಞತೆ ಹೇಳಿ ಹೇಳಿ ಅವಳ ಕತ್ತೇ ಬಾಗಿಹೋಗಿತ್ತು. ಈಗ ಆ ಕತ್ತು ನೆಟ್ಟಗಿತ್ತು. ಎತ್ತಿ ಹಿಡಿದ ಬೆರಳುಗಳ ನಡುವೆ ಇದ್ದದ್ದು ಒಂದು ದಪ್ಪ ಅವರೆಕಾಳು.

“ನಮ್ಮೂರಲ್ಲಿ ರೊಟ್ಟಿಯೊಳಗೆ ಕಾಳೇ ಇಡೋದು. ಸಿಕ್ಕವರು ಊಟ ಹಾಕ್ಬೇಕು,” ಅವಳು ಮೇಜಿನುದ್ದಕ್ಕೂ ಕಣ್ಣು ಹಾಯಿಸಿದಳು. “ಹಾಕ್ತೀನಿ. ಎಲ್ಲರೂ ಬರ್ಬೇಕು.”

ಒಲೆಯ ಕಾವನ್ನೇ ಕಾಣದ, ಥಳಥಳ ಹೊಳೆಯುವ ಕಾಳು! ಮನೆಯಿಂದಲೇ ಮುಷ್ಟಿಯಲ್ಲಿ ತಂದಿದ್ದಳು. ಎಲ್ಲರೂ ತಪ್ಪಿಸಿಕೊಳ್ಳುವ ಸರದಿಯನ್ನು ಕದಿಯಲು ಬಂದ ಈ ಕಳ್ಳಿಯನ್ನು ಇತ್ಸೆಲ್ ಕಣ್ಣೆವೆಯಿಕ್ಕದೆ ನೋಡಿದಳು.

“ಕಾಳಾ? ವೇವಾ ಇಡೋದು ಗೊಂಬೆ!” ಎವರಿಸ್ತೊ ಮೇಜು ಗುದ್ದಿದ. “ಹಾಗಾದ್ರೆ ಗೊಂಬೆ ಇನ್ನೂ ಇಲ್ಲೇ ಎಲ್ಲೋ ಇದೆ. ಎಲ್ಲರೂ ನಿಮ್ಮ ನಿಮ್ಮ ತುಂಡು ಮುರೀರಿ, ಕೈ ಬಿಚ್ಚಿ ತೋರಿಸ್ರಿ!”

ಜನಕ್ಕೆ ಮೋಜು. ಒಂದೊಂದಾಗಿ ಅಂಗೈಗಳು ಅರಳತೊಡಗಿದವು. ನೊಹೆಮಿಯ ಮುಖ ಬಿಳಿಚಿತು. ಗೊಂಬೆ ಹೊರಬಂದರೆ ಅವಳ ಸುಳ್ಳೂ ಹೊರಬೀಳುತ್ತದೆ. ಆ ಕತ್ತು ಮತ್ತೆಂದೂ ಮೇಲೇಳುವುದಿಲ್ಲ. ಸರದಿ ಅಮ್ಮನನ್ನು ಸಮೀಪಿಸಿತು. ಇತ್ಸೆಲ್ ಅಮ್ಮನನ್ನು ನೋಡಿದಳು, ಅಮ್ಮ ಇತ್ಸೆಲ್‌ಳನ್ನು. ಮರುಕ್ಷಣ ಅಮ್ಮ ಕೆಮ್ಮುವವಳಂತೆ ಮುಷ್ಟಿಯನ್ನು ಬಾಯಿಗೆ ಒತ್ತಿದಳು. ಆಮೇಲೆ ಎರಡೂ ಕೈ ಬಿಚ್ಚಿ ತೋರಿಸಿದಳು. ಖಾಲಿ.

“ಗೊಂಬೆ ಇಟ್ಟಿಲ್ಲ ಎವರಿಸ್ತೊ ಮಾಮ,” ಇತ್ಸೆಲ್ ಗಟ್ಟಿಯಾಗಿ ಹೇಳಿದಳು. “ಈ ಸಲ ನಾನೇ ಕಾಳು ಹಾಕಿದ್ದೆ. ಹೇಳೋದು ಮರೆತೆ.” ಅದರಲ್ಲಿ ಅರ್ಧ ನಿಜವಾಗಿತ್ತು. ನೊಹೆಮಿ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡಿದಳು.

“ಹೌದೇನೇ ವೇವಾ?”

ಅಮ್ಮ ತಲೆಯಾಡಿಸಿದಳು.

“ಬಾಯಿ ಬಿಟ್ಟು ಹೇಳು.”

“ಅಮ್ಮನಿಗೆ ಹಲ್ಲುನೋವು!” ಎಂದಳು ಇತ್ಸೆಲ್.

“ಈಗ ತಾನೇ ನನ್ನ ಮಾನ ಹರಾಜು ಹಾಕ್ತಲ್ಲ, ಆ ಬಾಯಿಗಾ?”

ಎವರಿಸ್ತೊ ಎದ್ದ. ಮೇಜು ಸುತ್ತಿ ಬಂದು, ಗಡ್ಡ ಹೆರೆಯುವ ಮುನ್ನ ಗಿರಾಕಿಯ ಮುಖ ನೋಡುವಂತೆ ಅಮ್ಮನ ಮುಖದ ಮೇಲೆ ಬಾಗಿದ. ಉಬ್ಬಿದ ಎಡಗೆನ್ನೆಯನ್ನು ನೋಡಿದ. ತಿರುಗಿ, ಕಾಳನ್ನು ಎದೆಗೊತ್ತಿಕೊಂಡು ನಿಂತಿದ್ದ ನೊಹೆಮಿಯನ್ನು ನೋಡಿದ.

“ಕಾಳೇ ಕಣ್ರಪ್ಪಾ!” ಅವನ ದನಿಗೆ ಕಿಟಕಿಯ ಗಾಜು ಅದುರಿತು. “ನೊಹೆಮಿ, ನನ್ನ ತಮಾಲೆಗೆ ಖಾರ ಜಾಸ್ತಿ ಇರ್ಲಿ!”

ಚಪ್ಪಾಳೆ ಬಿತ್ತು. ಹೆಂಗಸರು ನೊಹೆಮಿಯನ್ನು ಮುತ್ತಿಕೊಂಡರು. ಹಿಟ್ಟು ನಾದಲು ಬರುತ್ತೇನೆಂದು ಒಬ್ಬಳು, ದೊಡ್ಡ ಪಾತ್ರೆ ತರುತ್ತೇನೆಂದು ಇನ್ನೊಬ್ಬಳು.

“ಪಾತ್ರೆ ತನ್ನಿ,” ಎಂದಳು ನೊಹೆಮಿ, ಪೂರಾ ಯಜಮಾನಿಯ ಗತ್ತಿನಲ್ಲಿ. “ಕೆಲಸಕ್ಕೆ ಯಾರೂ ಬರಬೇಡಿ. ಹಸ್ಕೊಂಡು ಬನ್ನಿ, ಸಾಕು.”

ಆ ಗದ್ದಲದ ನಡುವೆ ಎವರಿಸ್ತೊ ಅಮ್ಮನ ಕೈಗೊಂದು ಕಾಗದದ ಕರವಸ್ತ್ರ ತುರುಕಿ, ಕಿವಿಯ ಬಳಿ ಪಿಸುಗುಟ್ಟಿದ್ದು ಇತ್ಸೆಲ್‌ಗೂ ಕೇಳಿಸಿತು:

“ವೇವಾ, ತುಟಿ ಸಂದೀಲಿ ಕಾಲು ಕಾಣ್ತಿದೆ. ಒಳಗೆ ಎಳ್ಕೋ.”